ಬಾಗಿಲು ಹಾಕುವ ಕೆಲಸ

ಜೂನ್ ೧, ಸೋಮವಾರ

ನನ್ನ ಯೋಜನೆ ಆಯ್ಕೆಯಾಗಿದೆಯಂತೆ. ನಮ್ಮ ಕೇಂದ್ರದ ಮುಖ್ಯಸ್ಥೆ ಮೇಡಂ ಎಲ್ಲರೆದುರು ಹೇಳಿದರು, ಎಲ್ಲರೂ ಚಪ್ಪಾಳೆ ತಟ್ಟಿದರು. ಖುಷಿಯಾಗಬೇಕಿತ್ತು. ನನಗೆ ಭಯವಾಯಿತು. ಬಾಯಿ ಮುಚ್ಚಿಕೊಂಡಿರಲಾರದೆ ಮೈಮೇಲೆ ಎಳೆದುಕೊಂಡೆನಲ್ಲ ಎಂದು ಆಗಿನಿಂದ ಬೈದುಕೊಳ್ಳುತ್ತಿದ್ದೇನೆ.

ಆಗಿದ್ದು ಇಷ್ಟು. ಕಷ್ಟದಲ್ಲಿರುವ ಮಕ್ಕಳ ಜೊತೆ ದಿನಾ ಒದ್ದಾಡುವವರಿಗೇ ಹೊಸ ಉಪಾಯಗಳು ಹೊಳೆಯುತ್ತವೆ, ಅವನ್ನು ಮಾಡಿನೋಡಲು ಅವರಿಗೆ ಬಿಡುವು ಕೊಡಬೇಕು, ಯೋಚಿಸಲು ಜೊತೆಗೊಬ್ಬರನ್ನು ಕೊಡಬೇಕು ಎಂದು ಒಂದು ಸಂಸ್ಥೆ ಹೊರಟಿದೆ. ನಮ್ಮ ಭೇಟಿ ಕೇಂದ್ರಕ್ಕೂ ಬಂದು ಕೇಳಿದರು. ಬೇರೆಯವರು ಹೊಸ ಆಟಿಕೆ, ಗೋಡೆಗೆ ಚಿತ್ರ ಎಂದೆಲ್ಲ ಹೇಳಿದರು. ನಾನು ಆಗಷ್ಟೇ ಒಬ್ಬ ಹುಡುಗನನ್ನು ಅವನ ಅಮ್ಮನ ಕೈಯಿಂದ ಬಿಡಿಸಿ, ಹಿಂಬಾಗಿಲಿನಿಂದ ಎತ್ತಿಕೊಂಡು ಹೋಗಿ ಕಾರಿನಲ್ಲಿ ಕೂರಿಸಿ ಬಂದಿದ್ದೆ. ಅವನ ಉಗುರು ಕುತ್ತಿಗೆಯ ಮೇಲೆ ಗೀರಿತ್ತು, ಉರಿಯುತ್ತಿತ್ತು. ಸಿಟ್ಟಿನಲ್ಲಿ ಅಂದುಬಿಟ್ಟೆ: "ಯಾವಾಗ್ಲೂ ಮಕ್ಕಳನ್ನೇ ಯಾಕೆ ಮೊದ್ಲು ಹೊತ್ಕೊಂಡು ಹೋಗ್ಬೇಕು? ದೊಡ್ಡೋರು ಮೊದ್ಲು ಹೋಗ್ಲಿ. ಸಾಕು ಅನ್ಸಿದಾಗ ಮಗುನೇ ಬಾಗ್ಲು ಹಾಕ್ಲಿ."

ಕೋರ್ಟು ಹೆತ್ತವರಿಂದ ದೂರ ಇಟ್ಟಿರುವ ಮಕ್ಕಳು ವಾರಕ್ಕೊಮ್ಮೆ ಅವರನ್ನು ನೋಡುವ ಜಾಗ ನಮ್ಮದು. ಮೂಲೆಯಲ್ಲಿ, ಹಿಂಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಯಾರು ಏನಂದರು ಎಂದು ಬರೆದುಕೊಳ್ಳುವುದು ನನ್ನ ಕೆಲಸ. ಸಮಯ ಮುಗಿದ ಕೂಡಲೇ ಮಗುವನ್ನು ಹಿಂದಿನಿಂದ ಸಾಗಿಸಿ, ಕಾರು ದೂರ ಹೋಗುವವರೆಗೆ ಹೆತ್ತವರನ್ನು ಒಳಗೇ ಕೂರಿಸಿಕೊಳ್ಳುತ್ತೇವೆ. ಯಾರೂ ಕಾರಿನ ಬೆನ್ನು ಹತ್ತಬಾರದು, ಮಗು ಯಾವ ಮನೆಯಲ್ಲಿದೆ ಎಂದು ತಿಳಿಯಬಾರದು, ಅದಕ್ಕೆ. ನಾನು ಹೇಳಿದ್ದು ಇದನ್ನೆಲ್ಲ ತಲೆಕೆಳಗು ಮಾಡುವ ಮಾತು. ಮೊದಲು ಹೋದವರು ಹೊರಗೆ ಕಾದು ನಿಂತರೆ?

ಗಂಡ ಕೇಳಿ ನಕ್ಕ. "ಹೆದರೋದೇ ಒಂದು ಉದ್ಯೋಗ ಆಗಿದ್ರೆ ನೀನು ಇಷ್ಟೊತ್ತಿಗೆ ಮ್ಯಾನೇಜರ್ ಆಗಿರ್ತಿದ್ದೆ" ಎಂದ. ಎದ್ದು ಹೋಗಿ ಮನೆಯ ಚಿಲಕ ಇನ್ನೊಮ್ಮೆ ನೋಡಿ ಬಂದೆ.

ಜೂನ್ ೪, ಗುರುವಾರ

ಸಂಸ್ಥೆಯವರು ಕೊಟ್ಟ ಜೊತೆಗಾರರು ಇವತ್ತು ಬಂದಿದ್ದರು. ನಿವೃತ್ತ ಮೇಷ್ಟ್ರು. ಏನು ಹೇಳಿದರೂ "ಯಾಕೆ?" ಎನ್ನುತ್ತಾರೆ. ಬಾಗಿಲು ಹಸಿರು ಬಣ್ಣದ್ದು ಯಾಕೆ, ನಾನು ಮೂಲೆಯಲ್ಲೇ ಕೂರುವುದು ಯಾಕೆ. ತಲೆ ತಿಂದುಬಿಟ್ಟರು. ಮನೆಯಲ್ಲಿ ಹೇಳಿದರೆ ಮಗಳು ಅವರಿಗೆ "ಯಾಕಪ್ಪ" ಎಂದು ಹೆಸರಿಟ್ಟಳು. ಇನ್ನು ಅವರೆದುರು ಬಾಯಿತಪ್ಪಿ ಅದೇ ಬಂದರೆ ನನ್ನ ಗತಿ!

"ಇದು ಕೈಕೊಟ್ರೆ ಮೊದ್ಲು ಯಾರಿಗೆ ಪೆಟ್ಟು ಬೀಳುತ್ತೆ?" ಎಂದು ಕೇಳಿದರು.

"ನನಗೇ ಸಾರ್. ಕೆಲಸ ಹೋಗುತ್ತೆ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಆ ಒಂದು ಸಲ ಯಾಕೆ ಎಂದು ಕೇಳಲಿಲ್ಲ.

ಯಾವ ಕುಟುಂಬದಲ್ಲಿ ಮಾಡಿನೋಡುವುದು ಎಂದು ಮೇಡಂ ಆರಿಸಿದ್ದಾರೆ. ಆರಿಸಿದ್ದಾದರೂ ಯಾರನ್ನು! ಬಟಾಣಿಯನ್ನು. ಏಳು ವರ್ಷದ ಪುಟ್ಟ ದುಂಡು ಹುಡುಗಿ, ಕೂತಲ್ಲಿ ಕೂರದೆ ಉರುಳಾಡುತ್ತಾಳೆ ಎಂದು ಅವಳ ಅಪ್ಪನೇ ಇಟ್ಟ ಹೆಸರು. ಅವನು ಗೋಡೆಗೆ ಬಣ್ಣ ಬಳಿಯುವವನು. ಹೆಂಡತಿ ಆಸ್ಪತ್ರೆಯಲ್ಲಿ ತೀರಿಕೊಂಡ ಮೇಲೆ ಕುಡಿತಕ್ಕೆ ಬಿದ್ದ. ಮಗಳನ್ನು ಅಧಿಕಾರಿಗಳು ಸಾಕಲು ಬೇರೆ ಮನೆಗೆ ಕೊಡುತ್ತಾರೆಂದು ಸುಳಿವು ಸಿಕ್ಕಿದ್ದೇ ತಡ, ಅವಳನ್ನು ಎತ್ತಿಕೊಂಡು ಕಣ್ಮರೆಯಾದ. ಕಟ್ಟಿ ಮುಗಿಯದ ಒಂದು ಕಟ್ಟಡದಲ್ಲಿ ಸಿಕ್ಕಾಗ ಮಗುವಿಗೆ ಜ್ವರ ಏರಿ ಎಚ್ಚರವೇ ಇರಲಿಲ್ಲ. ಇನ್ನೊಂದು ದಿನ ಕಳೆದಿದ್ದರೆ ಉಳಿಯುತ್ತಿರಲಿಲ್ಲ ಎಂದರಂತೆ ಡಾಕ್ಟರು. ಈಗ ಕುಡಿತ ಬಿಟ್ಟಿದ್ದಾನೆ. ಆದರೂ ಅವನ ಆ ದೊಡ್ಡ ಕೈಗಳನ್ನು ಕಂಡರೆ ನನಗೆ ಒಳಗೊಳಗೇ ನಡುಕ.

"ಬೇರೆ ಯಾರನ್ನಾದ್ರೂ ನೋಡೋಣ ಮೇಡಂ" ಎಂದೆ.

"ಸುಲಭದವರ ಹತ್ರ ಮಾಡಿ ತೋರಿಸಿದ್ರೆ ಯಾರು ನಂಬ್ತಾರೆ?" ಎಂದರು.

ಜೂನ್ ೧೦, ಬುಧವಾರ

ಮುಗಿಯಿತು. ಏನೂ ಆಗಲಿಲ್ಲ. ಆದರೂ ಅಕ್ಷರ ಸೊಟ್ಟಗೆ ಬರುತ್ತಿದೆ.

ಏರ್ಪಾಡು ಹೀಗೆ. ಮಗು ಬಾಗಿಲು ಹಾಕಿದ ಮೇಲೆ ಅಪ್ಪ ಎದುರಿನ ಬಸ್ ನಿಲ್ದಾಣಕ್ಕೆ ಹೋಗಬೇಕು. ಅವನು ಬಸ್ಸು ಹತ್ತಿದ್ದನ್ನು ನೋಡಿ ಗೇಟಿನಲ್ಲಿರುವ ಕಾವಲಿನವರು ಕೈ ಎತ್ತುತ್ತಾರೆ. ಆಮೇಲಷ್ಟೇ ನಾವು ಮಗುವನ್ನು ಕಾರಿಗೆ ಕರೆದೊಯ್ಯುವುದು.

ಬಟಾಣಿಗೆ ಎಲ್ಲವನ್ನೂ ಹೇಳಿದ್ದೆ. ಅವಳು ನಂಬಿರಲಿಲ್ಲ. "ನಿಜವಾಗ್ಲೂ ನಾನೇನಾ? ನಾನು ಹಾಕಿದ್ರೆ ಅಪ್ಪ ಹೋಗ್ಲೇಬೇಕಾ?" ಎಂದು ಕೇಳಿದಳು. ಇಬ್ಬರೂ ಚಿತ್ರ ಬಿಡಿಸಿದರು, ಅವನು ಬೆಕ್ಕಿನ ಹಾಗೆ ಕೂಗಿ ತೋರಿಸಿದ. ನಿಗದಿಯ ಸಮಯ ಮುಗಿಯುವ ಹೊತ್ತಿಗೆ ಅವಳೇ ಎದ್ದಳು. ಅವನು ಹೊಸ್ತಿಲಾಚೆ ನಿಂತು "ಬರ್ತೀನಿ ಕಣೆ" ಎಂದ. ಅವಳು ಎರಡೂ ಕೈ ಊರಿ, ಭಾರದ ಬಾಗಿಲನ್ನು ಮೈಯೆಲ್ಲ ಹಾಕಿ ತಳ್ಳಿದಳು. ಅಳಲಿಲ್ಲ. ಯಾರೂ ಯಾರನ್ನೂ ಎಳೆದಾಡಲಿಲ್ಲ. ಇಷ್ಟು ವರ್ಷದಲ್ಲಿ ಹೀಗೆ ಮುಗಿದ ಭೇಟಿಯನ್ನು ನಾನು ನೋಡಿಲ್ಲ.

ಆದರೆ ಅವಳ ಜೊತೆ ಕಾರಿನಲ್ಲಿ ಹೋಗುವಾಗ ಒಂದೊಂದು ಬೈಕು ಹಿಂದೆ ಬಂದಾಗಲೂ ನನ್ನ ಜೀವ ಬಾಯಿಗೆ ಬರುತ್ತಿತ್ತು. ನನ್ನ ಮಗಳಿಗೆ ಮನೆ ಸೇರಿದೆಯಾ ಎಂದು ಫೋನ್ ಮಾಡಿದೆ. "ಅಮ್ಮಾ, ಈಗಷ್ಟೇ ಕೇಳಿದ್ಯಲ್ಲ!" ಎಂದು ರೇಗಿದಳು.

ಜೂನ್ ೧೭, ಬುಧವಾರ

ಇವತ್ತೂ ಚೆನ್ನಾಗಿಯೇ ಆಯಿತು. ಬಟಾಣಿ ಸ್ವಲ್ಪ ಬೇಗ ಬಾಗಿಲು ಹಾಕಿದಳು. ಮೇಡಂ ಬೇರೆ ಕೇಂದ್ರದವರನ್ನೂ ಕರೆಸಿ ತೋರಿಸೋಣ ಎಂದರು. ಬೇಡಪ್ಪಾ ಬೇಡ, ಕಣ್ಣು ಬಿದ್ದೀತು.

ಜುಲೈ ೧, ಬುಧವಾರ

ಏನೋ ಎಡವಟ್ಟಾಗುತ್ತಿದೆ. ಹೋದ ವಾರ ಬಟಾಣಿ ಅರ್ಧ ಆಟಕ್ಕೇ ಎದ್ದು ಅಪ್ಪನನ್ನು ಕಳಿಸಿಬಿಟ್ಟಿದ್ದಳು. ಇವತ್ತು ಅವನು ಬಣ್ಣದ ಪೆನ್ಸಿಲಿನ ಡಬ್ಬಿ ತೆಗೆಯುತ್ತಿದ್ದ, ಅಷ್ಟರಲ್ಲೇ "ಹೋಗು" ಎಂದಳು. ಅವನು ನನ್ನ ಕಡೆ ನೋಡಿದ. ನಾನು ಬರೆಯುವುದರಲ್ಲಿ ಮುಳುಗಿದವಳಂತೆ ತಲೆ ತಗ್ಗಿಸಿದೆ. ಡಬ್ಬಿಯನ್ನು ಅಲ್ಲೇ ಬಿಟ್ಟು ಹೋದ.

"ಅಪ್ಪನ್ನ ಕಂಡ್ರೆ ಭಯ ಆಗುತ್ತಾ?" ಎಂದು ಕೇಳಿದೆ. "ಇಲ್ಲ." "ಬೇಜಾರಾ?" "ಇಲ್ಲ." "ಮತ್ತೆ ಯಾಕೆ ಕಳಿಸ್ದೆ?" ಅದಕ್ಕೆ ಅವಳು, "ಬರೆಯೋ ಆಂಟಿ, ಅಪ್ಪ ಬಸ್ಸು ಹತ್ತಿದ್ನಾ?" ಎಂದಳು. ಇದಕ್ಕೇನು ಅರ್ಥ?

ಜುಲೈ ೮, ಬುಧವಾರ

ಇವತ್ತು ಅವನು ಕೂರಲೂ ಇಲ್ಲ. ಒಳಗೆ ಕಾಲಿಟ್ಟ, ಬಟಾಣಿ ಅವನ ಮುಖವನ್ನೊಮ್ಮೆ ನೋಡಿದಳು, ಹೊಟ್ಟೆಗೆ ಕೈ ಕೊಟ್ಟು ಹೊರಗೆ ತಳ್ಳಿ ಬಾಗಿಲು ಹಾಕಿದಳು.

ಆಮೇಲೆ ಅವನು ಕಿಟಕಿಯ ಹತ್ತಿರ ಬಂದ. ಅವಳನ್ನು ಆಟಿಕೆ ಕೋಣೆಗೆ ಕಳಿಸಿದ್ದೆವು. "ನೀವೇನು ಹೇಳ್ಕೊಟ್ರಿ ಅವಳಿಗೆ?" ಎಂದು ನನ್ನನ್ನು ಕೇಳಿದ. ಕೂಗಲಿಲ್ಲ. ಕೂಗಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ಕಿಟಕಿಯ ಸರಳುಗಳನ್ನು ಹಿಡಿದಿದ್ದ ಆ ಕೈಗಳನ್ನಷ್ಟೇ ನೋಡಿದೆ, ಉಗುರಿನ ಸಂದಿಯಲ್ಲಿ ಬಿಳಿ ಬಣ್ಣ.

ಅವನು ಏನಾದರೂ ಮಾಡುತ್ತಾನೆ. ಒಮ್ಮೆ ಎತ್ತಿಕೊಂಡು ಓಡಿದವನಿಗೆ ಇನ್ನೊಮ್ಮೆ ಓಡುವುದು ಕಷ್ಟವೇ? ಅವನ ಕೈಯಿಂದ ಕೊನೆಯ ಎಳೆಯನ್ನೂ ಕಿತ್ತುಕೊಂಡವಳು ನಾನೇ, ನನ್ನ ಈ ಹಾಳು ಉಪಾಯ.

ಜುಲೈ ೧೫, ಬುಧವಾರ

ಹೆದರಿದಂತೆಯೇ ಆಯಿತು. ಕ್ರಮವಾಗಿ ಬರೆಯುತ್ತೇನೆ, ಇಲ್ಲದಿದ್ದರೆ ತಲೆ ಸಿಡಿಯುತ್ತದೆ.

ಅವನು ಬಂದ. ಬಟಾಣಿ ಹೋದ ವಾರದಂತೆಯೇ ತಳ್ಳಿ ಬಾಗಿಲು ಹಾಕಿದಳು. ಪಕ್ಕದ ಟೈರ್ ಅಂಗಡಿಗೆ ಲಾರಿಯೊಂದು ಬಂದು ಗೇಟಿಗೆ ಅಡ್ಡ ನಿಂತಿತ್ತು. ಲಾರಿ ಸರಿದ ಮೇಲೆ ನೋಡಿದರೆ ನಿಲ್ದಾಣದಲ್ಲಿ ಯಾರೂ ಇರಲಿಲ್ಲ. ಬಸ್ಸೂ ಬಂದಿರಲಿಲ್ಲ. ಕಾವಲಿನವರು ಓಡಿಬಂದು "ಆಳಿಲ್ಲ!" ಎಂದರು.

ಎರಡೂ ಬಾಗಿಲುಗಳಿಗೆ ಅಗುಳಿ ಜಡಿದೆವು. ಮೇಡಂ ಪೊಲೀಸರಿಗೆ ಫೋನ್ ಮಾಡಿದರು. ನಾನು ಬಟಾಣಿಯನ್ನು ಕರೆದುಕೊಂಡು ಆಟಿಕೆ ಕೋಣೆಯ ಕಪಾಟಿನ ಹಿಂದೆ ಕೂತೆ. ನನ್ನ ಎದೆಬಡಿತ ಅವಳಿಗೂ ಕೇಳಿಸಿರಬೇಕು, ನನ್ನ ಎದೆಯ ಮೇಲೆ ಅಂಗೈ ಇಟ್ಟು ನೋಡಿದಳು. "ಅಪ್ಪ ಕಳೆದೋದ್ನಾ?" ಎಂದು ಪಿಸುಗುಟ್ಟಿದಳು.

ಹಿಂದಿನ ಓಣಿಯಲ್ಲಿ ಹೆಜ್ಜೆ ಸಪ್ಪಳವಾಯಿತು. ಕಪಾಟಿನ ಪಕ್ಕದಿಂದ ಕಾಣುತ್ತಿದ್ದ ಹಿಂಬಾಗಿಲ ಹಿಡಿ ಒಮ್ಮೆ ಕೆಳಗಾಯಿತು, ಮತ್ತೆ ಮೇಲಾಯಿತು. ನಾನು ಹುಡುಗಿಯ ತಲೆಯನ್ನು ಹೊಟ್ಟೆಗೆ ಅವುಚಿಕೊಂಡು ಕಣ್ಣು ಮುಚ್ಚಿದೆ. ಕೆಲಸ, ಮೇಡಂ, ಮರ್ಯಾದೆ ಒಂದೂ ನೆನಪಾಗಲಿಲ್ಲ. ಇವಳನ್ನು ಮುಟ್ಟಬೇಡ, ಇವಳನ್ನು ಮುಟ್ಟಬೇಡ ಎಂದಷ್ಟೇ ಹೇಳಿಕೊಳ್ಳುತ್ತಿದ್ದೆ.

ಹಿಡಿ ತಿರುಗಿಸಿದ್ದು ಕಾವಲಿನವರಂತೆ, ಭದ್ರವಾಗಿದೆಯಾ ಎಂದು ನೋಡಲು. ಅವನು ಸಿಕ್ಕಿದ್ದು ಅಲ್ಲೇ, ನಮ್ಮ ಕಾರಿನ ಹಿಂದೆ ಗೋಡೆಗೊರಗಿ ಕೂತಿದ್ದ. "ಅವಳ ದನಿ ಕೇಳ್ಕೊಂಡು ಹೋಗೋಣ ಅಂತ ಬಂದೆ" ಎಂದನಂತೆ. ದನಿ ಕೇಳಲು ಬಂದವನೋ, ಕಾರು ಯಾವುದೆಂದು ನೋಡಲು ಬಂದವನೋ, ಯಾರು ಬಲ್ಲರು?

ಜುಲೈ ೧೬, ಗುರುವಾರ

ಸಭೆ. ಕಾರು ಬದಲಾಯಿಸಿದ್ದಾರೆ. ಕೋರ್ಟಿಗೆ ವರದಿ ಹೋಗುತ್ತದೆ, ಭೇಟಿ ನಿಲ್ಲುತ್ತದೆ.

"ನೀವ್ಯಾಕೆ ಮುಖ ಸಪ್ಪಗೆ ಮಾಡ್ಕೊಂಡಿದ್ದೀರಿ?" ಎಂದರು ಮೇಡಂ. "ಮಗು ಬಾಯಿ ಬಿಟ್ಟು ಹೇಳಿರ್ಲಿಲ್ಲ, ಬಾಗ್ಲು ಹಾಕಿ ಹೇಳ್ತು. ಅವಳಿಗೆ ಅಪ್ಪ ಬೇಡ. ನಿಮ್ಮ ಪ್ರಯೋಗ ಗೆದ್ದಿದೆ."

ಗೆದ್ದಿದೆ! ಸಂಸ್ಥೆಯವರು ಇದರ ಬಗ್ಗೆ ಪುಸ್ತಕ ಅಚ್ಚು ಹಾಕಿಸಿ ಎಲ್ಲ ಕೇಂದ್ರಗಳಿಗೂ ಹಂಚುತ್ತಾರಂತೆ.

ಯಾಕಪ್ಪ ಮಾತ್ರ ನಾಲ್ಕೇ ನಾಲ್ಕು ಮಾತಾಡಿದರು. "ಅವಳು ಬಾಗ್ಲು ಹಾಕ್ತಾಳೆ, ಸರಿ. ಯಾಕೆ ಹಾಕ್ತಾಳೆ ಅಂತ ಗೊತ್ತಾ?" ಎಲ್ಲರೂ ನನ್ನನ್ನು ನೋಡಿದರು. ನಾನು ಬರೆದುಕೊಂಡಿದ್ದರಲ್ಲಿ ಯಾವ ದಿನ ಎಷ್ಟು ಬೇಗ ಹಾಕಿದಳು ಎಂಬುದೆಲ್ಲ ಇತ್ತು, ಅದೊಂದು ಇರಲಿಲ್ಲ. ಅವರು ಪಟ್ಟು ಹಿಡಿದು ಇನ್ನೆರಡು ಭೇಟಿಗೆ ಒಪ್ಪಿಸಿದರು. ಅದೂ ಹೀಗೇ ಆದರೆ ವರದಿ ಕಳಿಸಿಬಿಡುತ್ತೇನೆ ಎಂದರು ಮೇಡಂ.

ಜುಲೈ ೨೦, ಸೋಮವಾರ

ಬಟಾಣಿ ಇರುವ ಮನೆಗೆ ಹೋಗಿದ್ದೆ. ಸಾಕುತಾಯಿ ಬಾಗಿಲು ತೆಗೆಯುತ್ತಲೇ ದೂರು ಶುರುಮಾಡಿದರು.

"ನೀವು ಅದೇನು ಕಲಿಸಿದ್ದೀರೋ, ಮನೇಲೆಲ್ಲ ಅದೇ ಆಟ. ನನ್ನ ಅಡುಗೆಮನೆಗೆ ತಳ್ಳಿ ಬಾಗ್ಲು ಹಾಕ್ತಾಳೆ. ತೆಗೆದು 'ಇದ್ದೀಯಾ?' ಅಂತಾಳೆ. ಮತ್ತೆ ಹಾಕ್ತಾಳೆ. ಸ್ನಾನಕ್ಕೆ ಹೋದ್ರೂ ಬಿಡಲ್ಲ. ಬೆಕ್ಕನ್ನೂ ಹೊರಗೆ ಹಾಕಿ ಬಾಗ್ಲು ಹಾಕಿದ್ಲು. ಅದು ತಿರುಗಿ ಬರೋವರೆಗೂ ಊಟ ಮುಟ್ಟಲಿಲ್ಲ ನೋಡಿ."

ನಾನು ಅಲ್ಲೇ ಕುಸಿದು ಕೂತೆ. ಅವರು ಪಾಪ, ಬಿಸಿಲಿಗೆ ತಲೆ ಸುತ್ತಿತೇನೋ ಎಂದು ನೀರು ತಂದುಕೊಟ್ಟರು.

ಅವಳು ಅಪ್ಪನನ್ನು ಬೇಡ ಎನ್ನುತ್ತಿಲ್ಲ. ಕಳಿಸಿದರೂ ಬರುತ್ತಾನಾ ಎಂದು ನೋಡುತ್ತಿದ್ದಾಳೆ. ಇಷ್ಟು ಬೇಗ ಕಳಿಸಿದರೂ? ಮುಖಕ್ಕೆ ಬಡಿದಂತೆ ಬಾಗಿಲು ಹಾಕಿದರೂ? ಪ್ರತಿ ಬುಧವಾರ ಅವನು ಬಂದ, ಅವಳು ಪರೀಕ್ಷೆಯನ್ನು ಇನ್ನಷ್ಟು ಕಠಿಣ ಮಾಡಿದಳು. ನಾವು ಸಮಯ ನೋಡಿಕೊಂಡು ಕೂತಿದ್ದೆವು.

ಜುಲೈ ೨೨, ಬುಧವಾರ

ಅವನು ಬರಲಿಲ್ಲ.

ಬಟಾಣಿ ಬಾಗಿಲನ್ನು ತೆರೆದಿಟ್ಟುಕೊಂಡು ಹೊಸ್ತಿಲ ಹತ್ತಿರ ನೆಲದ ಮೇಲೆ ಕೂತಳು. ನಾನೂ ಹೋಗಿ ಪಕ್ಕದಲ್ಲಿ ಕೂತೆ. ಒಂದೊಂದು ಬಸ್ಸು ಬಂದಾಗಲೂ ಅವಳ ಕುತ್ತಿಗೆ ಉದ್ದವಾಗುತ್ತಿತ್ತು. ಕೊನೆಗೆ, "ನಾನು ತುಂಬಾ ಜೋರಾಗಿ ತಳ್ಳಿಬಿಟ್ಟೆ ಅನ್ಸುತ್ತೆ" ಎಂದಳು.

ದೇವರೇ, ಈ ಮಗುವಿಗೆ ನಾನೇನು ಮಾಡಿಬಿಟ್ಟೆ? ಫೋನ್ ಮಾಡುತ್ತಲೇ ಇದ್ದೇನೆ, ಅವನು ಎತ್ತುತ್ತಿಲ್ಲ.

ಜುಲೈ ೨೪, ಶುಕ್ರವಾರ

ಯಾರನ್ನೂ ಕೇಳದೆ ಹೋದೆ. ಕೇಳಿದ್ದರೆ ಬೇಡ ಎನ್ನುತ್ತಿದ್ದರು. ಹೆತ್ತವರನ್ನು ನಾವು ಒಬ್ಬಂಟಿಯಾಗಿ ಕಾಣುವಂತಿಲ್ಲ.

ಊರಾಚೆಯ ಒಂದು ಹೊಸ ಕಟ್ಟಡದಲ್ಲಿ ಕೆಲಸ ಮಾಡುತ್ತಿದ್ದ. ಖಾಲಿ ಕೋಣೆಗಳು, ಹಸಿ ಬಣ್ಣದ ವಾಸನೆ, ನನ್ನ ಚಪ್ಪಲಿಯ ಸದ್ದೇ ಹಿಂದೆ ಯಾರೋ ಬಂದಂತೆ ಕೇಳಿಸುತ್ತಿತ್ತು. ಮೂರನೇ ಮಹಡಿಯಲ್ಲಿ ಏಣಿಯ ಮೇಲಿದ್ದ. ನನ್ನನ್ನು ಕಂಡು ಇಳಿಯಲಿಲ್ಲ, ಕುಂಚವನ್ನೂ ಕೆಳಗಿಡಲಿಲ್ಲ. ಇಡೀ ಮಹಡಿಯಲ್ಲಿ ನಾವಿಬ್ಬರೇ. ಕೂಗಿದರೂ ಯಾರಿಗೂ ಕೇಳಿಸದು ಎಂದು ಆಗ ಹೊಳೆಯಿತು. ಗೋಡೆ ಹಿಡಿದುಕೊಂಡೆ, ಅಂಗೈಗೆಲ್ಲ ಹಸಿ ಬಣ್ಣ ಮೆತ್ತಿತು.

"ಬುಧವಾರ ಬರ್ಲಿಲ್ಲ" ಎಂದೆ.

"ಅವಳಿಗೇ ಬೇಡವಾದ ಮೇಲೆ ನಾನ್ಯಾಕೆ ಹೋಗಿ ಹಿಂಸೆ ಕೊಡ್ಲಿ? ನೀವೇ ಹೇಳಿದ್ರಲ್ಲ, ಅವಳು ಹಾಕಿದ್ರೆ ಮುಗೀತು ಅಂತ."

"ನಾವು ತಪ್ಪು ತಿಳ್ಕೊಂಡ್ವಿ."

ಸಾಕುತಾಯಿ ಹೇಳಿದ್ದನ್ನು ಹೇಳಿದೆ. ಅಡುಗೆಮನೆ, ಸ್ನಾನದ ಮನೆ, ಬೆಕ್ಕು. ಬೆಕ್ಕಿನ ಮಾತು ಬಂದಾಗ ಕುಂಚ ನಿಂತಿತು.

"ಅವಳಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋದ ದಿನ" ಎಂದರು ಬಟಾಣಿಯ ಅಪ್ಪ, "ಇವಳು ಯಾವುದಕ್ಕೋ ಮುನಿಸ್ಕೊಂಡು ಕೋಣೆ ಬಾಗ್ಲು ಹಾಕ್ಕೊಂಡಿದ್ಲು. ಅವಳಮ್ಮ ಹೊರಗಿಂದ ಎಷ್ಟು ಕರೆದ್ರೂ ತೆಗೀಲಿಲ್ಲ. ಲೇಟಾಗುತ್ತೆ ಬಾ, ಸಂಜೆ ಬಂದು ಮುದ್ದು ಮಾಡು ಅಂತ ನಾನೇ ಅವಸರ ಮಾಡ್ದೆ."

ಏಣಿಯಿಂದ ಇಳಿಯುವಾಗ ಅವರ ಕಾಲು ಒಂದು ಮೆಟ್ಟಿಲು ತಪ್ಪಿತು. ನಾನು ತಟ್ಟನೆ ಏಣಿ ಹಿಡಿದುಕೊಂಡೆ.

"ಮೊನ್ನೆ ಕಾದ್ಲಾ?" ಎಂದು ಕೇಳಿದರು.

ಕಾದಳು ಎಂದೆ. ಅದಕ್ಕಿಂತ ಹೆಚ್ಚು ಹೇಳುವ ಧೈರ್ಯವಾಗಲಿಲ್ಲ. ಅವರು ಬರುತ್ತೇನೆ ಎಂದೂ ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ. ಮನೆಗೆ ಬಂದರೆ ನನ್ನ ಮಗಳು ಗೆಳತಿಯ ಮನೆಗೆ ಹೋಗಿ, ಸಂಜೆಯೆಲ್ಲ ಅಲ್ಲೇ ಇದ್ದು ಬಂದಿದ್ದಾಳೆ. ಫೋನ್ ಯಾಕೆ ಬರಲಿಲ್ಲ, ಹುಷಾರಿದ್ದೀಯಾ ಎಂದು ಅವಳೇ ನನ್ನನ್ನು ಕೇಳಿದಳು.

ಜುಲೈ ೨೮, ಮಂಗಳವಾರ

ಮೇಡಂಗೆ ಎಲ್ಲ ಹೇಳಿದೆ. ಒಬ್ಬಳೇ ಹೋಗಿದ್ದನ್ನೂ ಹೇಳಿದೆ. ನೋಟಿಸ್ ಕೊಡುತ್ತಾರಂತೆ, ಕೊಡಲಿ. ನಾಳೆ ಕೊನೆಯ ಭೇಟಿ. ಅವರು ಬರದಿದ್ದರೆ? ತಾನು ಬಾಗಿಲು ಹಾಕಿದರೆ ಹೋದವರು ಬರುವುದಿಲ್ಲ ಎಂದು ಆ ಹುಡುಗಿ ಬದುಕಿಡೀ ನಂಬಿಕೊಂಡಿರುತ್ತಾಳೆ. ಬಂದು, ಅವಳು ಮತ್ತೆ ತಳ್ಳಿದರೆ? ವರದಿ ಹೋಗುತ್ತದೆ. ಯಾವ ಕಡೆ ನೋಡಿದರೂ ಭಯವೇ. ಊಟ ಸೇರಲಿಲ್ಲ.

ಜುಲೈ ೨೯, ಬುಧವಾರ

ಬಂದರು. ತಡವಾಗಿ, ಓಡುತ್ತಾ, ಅಂಗಿಯ ಗುಂಡಿ ತಪ್ಪಿಸಿ ಹಾಕಿಕೊಂಡು.

ಬಟಾಣಿ ಹೊಸ್ತಿಲಲ್ಲಿ ನಿಂತಿದ್ದಳು, ಒಂದು ಕೈ ಬಾಗಿಲ ಮೇಲಿತ್ತು. ಮೇಡಂ ಒಳಗಿನ ಕೋಣೆಯಿಂದ ನೋಡುತ್ತಿದ್ದರು.

"ಹೋದ ವಾರ ನೀನು ಬರ್ಲಿಲ್ಲ" ಎಂದಳು.

"ತಪ್ಪಾಯ್ತು ಕಣೆ. ನಿಂಗೆ ನಾನು ಬೇಡ ಅನ್ಕೊಂಡೆ."

"ನಾನು ಬಾಗ್ಲು ಹಾಕಿದ್ದಷ್ಟೇ" ಎಂದಳು ಅವಳು, ಇಷ್ಟೂ ತಿಳಿಯುವುದಿಲ್ಲವೇ ಎನ್ನುವ ಹಾಗೆ. "ಬರ್ಬೇಡ ಅಂದ್ನಾ?"

ಅವರು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು. ಅವಳು ಬಾಗಿಲಿನಿಂದ ಕೈ ತೆಗೆದು, ಅವರ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ ಸರಿಯಾಗಿ ಹಾಕಿದಳು. ಆಮೇಲೆ ಒಳಗೆ ಬಂದು ಬಣ್ಣದ ಪೆನ್ಸಿಲಿನ ಡಬ್ಬಿ ಹುಡುಕಿದರು. ಇಬ್ಬರೂ ಏನೇನು ಮಾತಾಡಿದರು ಎಂದು ನನಗೆ ಸರಿಯಾಗಿ ನೆನಪಿಲ್ಲ, ಬರೆದುಕೊಳ್ಳಲು ಮರೆತೆ.

ಸಮಯ ಮುಗಿಯಿತು. ಅವಳು ಏಳಲಿಲ್ಲ. ಡ್ರೈವರ್ ಎರಡು ಸಲ ಹಾರ್ನ್ ಹಾಕಿದ. ಮೇಡಂ ನನಗೆ ಕಣ್ಸನ್ನೆ ಮಾಡಿದರು. ನಾನು ಹತ್ತಿರ ಹೋಗಿ, "ಬಾಗ್ಲು ಹಾಕ್ತೀಯಾ ಪುಟ್ಟಿ?" ಎಂದೆ.

ಅಡ್ಡಡ್ಡ ತಲೆಯಾಡಿಸಿದಳು. "ನನಗೆ ಬೇಡ ಆ ಕೆಲ್ಸ. ನೀನೇ ಹಾಕು."

ಏಳು ವರ್ಷದ ಮಗುವಿನ ತಲೆಗೆ ಅಪ್ಪನನ್ನು ಹೊರಗೆ ಕಳಿಸುವ ಹೊಣೆ ಕಟ್ಟಿ, ಅದಕ್ಕೆ ಹೊಸ ಉಪಾಯ ಎಂದು ಹೆಸರಿಟ್ಟು ಚಪ್ಪಾಳೆ ಹೊಡೆಸಿಕೊಂಡಿದ್ದೆ. ಹಾಕುವುದನ್ನಲ್ಲ, ಬಾಗಿಲು ತೆರೆಯುವುದನ್ನು ಅವಳಿಗೆ ಕೊಡಬೇಕಿತ್ತು. ಯಾಕಪ್ಪನವರಿಗೆ ನಾಳೆಯೇ ಹೇಳಬೇಕು, ಅಚ್ಚಿಗೆ ಹೋಗುವ ಮೊದಲು.

ಅವರು ಹೊಸ್ತಿಲು ದಾಟಿ ನಿಂತರು. "ಬರ್ತೀನಿ ಕಣೆ" ಎಂದರು. ನಾನು ಬಾಗಿಲು ಹಿಡಿದೆ. ಇಷ್ಟು ವರ್ಷ ಹಿಂಬಾಗಿಲಿನಿಂದ ಓಡಿದವಳು ನಾನು, ಹೆತ್ತವರ ಮುಖದೆದುರು ಬಾಗಿಲು ಹಾಕಿದ್ದೇ ಇಲ್ಲ. "ಮುಂದಿನ ಬುಧವಾರ ಬನ್ನಿ" ಎಂದೆ. ಮೇಡಂ ಹಿಂದಿನಿಂದ ಏನೂ ಅನ್ನಲಿಲ್ಲ. ಕಣ್ಣು ಮುಚ್ಚಿ ತಳ್ಳತೊಡಗಿದೆ.

"ನಿಧಾನ!" ಎಂದು ಬಟಾಣಿ ಕೂಗಿ ನನ್ನ ಸೊಂಟ ಹಿಡಿದು ಹಿಂದಕ್ಕೆಳೆದಳು. "ಅಪ್ಪನ ಬೆರಳಿದೆ ಅಲ್ಲಿ."

ನೋಡಿದೆ. ಬಾಗಿಲ ಚೌಕಟ್ಟನ್ನು ನಾಲ್ಕು ಬೆರಳು ಹಿಡಿದುಕೊಂಡಿದ್ದವು. ಅವರು ಬೆರಳು ತೆಗೆಯುವವರೆಗೂ ನಾವಿಬ್ಬರೂ ಕಾದೆವು.